ಕ್ಯಾಮೆರಾ ಹಿಡಿದವಳು ಮನೆಯ ಮಗಳು

ಕೇಳುಗರಿಗೆ ನಮಸ್ಕಾರ. ಎರಡು ಸಂಸ್ಕೃತಿಗಳ ನಡುವೆ ಬೆಳೆದ ಹೆಣ್ಣುಮಕ್ಕಳ ಕುರಿತು ಒಂದು ಸಾಕ್ಷ್ಯಚಿತ್ರ ಎಂದೊಡನೆ ಕಣ್ಣೀರು, ಹಿನ್ನೆಲೆಯಲ್ಲಿ ಕೊಳಲು, ಗಂಭೀರ ಧ್ವನಿಯ ನಿರೂಪಣೆ ಎಂದು ಅನೇಕರು ಮೊದಲೇ ತೀರ್ಮಾನಿಸಿಬಿಡುತ್ತಾರೆ. ಅಂಥವನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಮನೆಯ ಹೆಣ್ಣುಮಗಳ ಕೈಗೆ ಕ್ಯಾಮೆರಾ ಕೊಡಿ, ಮನೆಯವರು ನಗುತ್ತಲೇ ನಿಜ ಹೇಳುತ್ತಾರೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

‘ಮೀಟ್ ದಿ ಪಟೇಲ್ಸ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರ 2014ರಲ್ಲಿ ಮೊದಲ ಪ್ರದರ್ಶನ ಕಂಡಿತು. ಮೂವತ್ತರ ಹೊಸ್ತಿಲಲ್ಲಿದ್ದ ನಟ ರವಿ ಪಟೇಲ್ ಅವರಿಗೆ ಗುಜರಾತಿ ತಂದೆತಾಯಿ ತಮ್ಮವರಲ್ಲೇ ಹೆಣ್ಣು ಹುಡುಕುವ ಕಥೆ ಅದು. ಬಿಳಿಯ ಗೆಳತಿಯೊಬ್ಬಳಿದ್ದ ಸಂಗತಿಯನ್ನು ಮಗ ಮನೆಯಲ್ಲಿ ಬಾಯಿಬಿಟ್ಟಿರುವುದಿಲ್ಲ. ಬಯೋಡೇಟಾಗಳು ಬರುತ್ತವೆ, ಮೈಬಣ್ಣದ ಮಾತು ಬರುತ್ತದೆ, ಪಟೇಲರ ವಧೂವರರ ಸಮಾವೇಶವೂ ನಡೆಯುತ್ತದೆ. ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಆದರೆ ದಯವಿಟ್ಟು ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದನ್ನು ಗಮನಿಸಿ. ಅದನ್ನು ಹಿಡಿದವರು ಅಕ್ಕ ಗೀತಾ, ಚಿತ್ರದ ಸಹನಿರ್ದೇಶಕಿ, ಆಗ ಸ್ವತಃ ಅವಿವಾಹಿತೆ. ಸಂಬಂಧ ಕುದುರಿಸುವುದರಲ್ಲಿ ಪಳಗಿದ ತಾಯಿ ಚಂಪಾ ಅವರು ಲೆನ್ಸಿನ ಹಿಂದಿರುವ ಮಗಳೊಡನೆ ಅಡುಗೆಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡುತ್ತಾರೆ. ಅಕ್ಕತಮ್ಮಂದಿರ ಗುಟ್ಟಿನ ಮಾತುಗಳಿಗೆ ಅನಿಮೇಷನ್ ಬಳಸಿದ್ದಾರೆ. ಹೊರಗಿನಿಂದ ಬಂದ ನಿರ್ದೇಶಕನಿಗೆ ಆ ಸಲಿಗೆ ದಕ್ಕುತ್ತಿರಲಿಲ್ಲ.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ನಾನು ನಡೆಸುವ ಸಾಕ್ಷ್ಯಚಿತ್ರ ಶಿಬಿರಕ್ಕೆ ನ್ಯೂಜೆರ್ಸಿಯಲ್ಲಿ ಬೆಳೆದ ಹುಡುಗಿಯೊಬ್ಬಳು ಬಂದಿದ್ದಳು. ಅವಳ ಕನ್ನಡ ತಡವರಿಸುತ್ತಿತ್ತು, ಆದರೆ ಕುತೂಹಲಕ್ಕೆ ಕೊರತೆಯಿರಲಿಲ್ಲ. ಹಾಸನದ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯ ಎದುರು ಫೋನ್ ಹಿಡಿದು ಕುಳಿತು, ಮದುವೆಗೆ ಮುಂಚೆ ತಾತನನ್ನು ನೋಡಿದ್ದಿರಾ ಎಂದು ಕೇಳಿದಳು. ಅಜ್ಜಿ ಕೈ ನಿಲ್ಲಿಸದೆ ಹೇಳಿದರು: “ಎಲ್ಲಿ ನೋಡೋದು? ಅಂತರಪಟ ಇಳಿಸೋ ತನಕ ಕಂಡಿದ್ದು ಕಾಲು ಮಾತ್ರ. ಹೆಬ್ಬೆರಳಿನ ಉಗುರೂ ಕತ್ತರಿಸಿರಲಿಲ್ಲ ಪುಣ್ಯಾತ್ಮ!” ಹುಡುಗಿಗೆ ನಗು ತಡೆಯಲಾಗದೆ ಚಿತ್ರವೆಲ್ಲ ಅಲುಗಾಡಿದೆ. ಅಷ್ಟಕ್ಕೆ ಬಿಡದ ಅಜ್ಜಿ, ಮೊಮ್ಮಗಳಿಗೆ ಬಂದಿದ್ದ ಸಂಬಂಧವನ್ನೇ ಎತ್ತಿಕೊಂಡರು: “ನಿನಗೆ ವೀಡಿಯೋದಲ್ಲಿ ಬರೀ ಮುಖ ತೋರಿಸ್ತಾನೆ. ನಾನು ಕಾಲು ನೋಡಿದೆ, ನೀನು ಮುಖ ನೋಡಿದೆ, ಪೂರ್ತಿ ಗಂಡನ್ನ ಯಾರೂ ನೋಡಲಿಲ್ಲ. ಎದುರಿಗೆ ಕೂತು ಮಾತಾಡದೆ ಒಪ್ಪಬೇಡ ಕಣೇ.” ಹಜಾರದಲ್ಲಿದ್ದ ಮಗನ ಮುಂದೆ ಆವರೆಗೆ ಆ ಮಾತನ್ನಾಡದಿದ್ದ ಹೆಂಗಸು ಮೊಮ್ಮಗಳ ಫೋನಿನ ಮುಂದೆ ಆಡಿದರು. ಆ ಅಲುಗಾಟವನ್ನು ಸಂಕಲನದಲ್ಲಿ ತೆಗೆಯಬಾರದೆಂದು ನಾನು ಹಟ ಹಿಡಿದೆ, ಏಕೆಂದರೆ ಎರಡು ತಲೆಮಾರುಗಳ ಹೆಂಗಸರು ಒಟ್ಟಿಗೆ ನಕ್ಕದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ.

ಸಮಯ ಮುಗಿಯುತ್ತ ಬಂದಿರುವುದರಿಂದ ಭಾರತೀಯ ಮೂಲದ ಬ್ರಿಟಿಷ್ ನಿರ್ದೇಶಕಿ ಗುರಿಂದರ್ ಛಡ್ಢಾ ಅವರ ಬಗ್ಗೆ ಒಂದೆರಡು ಮಾತು. 1960ರಲ್ಲಿ ನೈರೋಬಿಯಲ್ಲಿ ಹುಟ್ಟಿ, ಲಂಡನ್ನಿನ ಸೌತಾಲ್‌ನಲ್ಲಿ ಬೆಳೆದ ಇವರು ಪ್ರಸಿದ್ಧ ಕಥಾಚಿತ್ರಗಳಿಗೆ ಮುಂಚೆ ಮಾಡಿದ್ದು ‘ಐಯಾಮ್ ಬ್ರಿಟಿಷ್ ಬಟ್’ ಎಂಬ ಸಾಕ್ಷ್ಯಚಿತ್ರವನ್ನು. ತಮ್ಮ ಬಡಾವಣೆಯ ಮಾಳಿಗೆಯ ಮೇಲೆ ಭಾಂಗ್ರಾ ತಂಡವನ್ನು ಹತ್ತಿಸಿ ಹಾಡಿಸಿದರು. ಅಲ್ಲಿಯೂ ಕ್ಯಾಮೆರಾದ ಹಿಂದೆ ಇದ್ದದ್ದು ಆ ಬಡಾವಣೆಯ ಮಗಳೇ.

ಹೊರದೇಶಗಳಲ್ಲಿರುವ ಕನ್ನಡದ ತಾಯಂದಿರೇ, ರಜೆಗೆ ಊರಿಗೆ ಬರುವಾಗ ಮಗಳ ಕೈಗೆ ಫೋನ್ ಕೊಡಿ. “ಹೇಗನ್ನಿಸುತ್ತದೆ” ಎಂಬ ಸವಕಲು ಪ್ರಶ್ನೆಯನ್ನು ಅವಳು ಕೇಳದಿರಲಿ. ಮದುವೆಯ ಸೀರೆಯನ್ನು ಯಾರು ಆರಿಸಿದರು, ಮೊದಲ ಸಂಬಳವನ್ನು ಯಾರ ಕೈಗೆ ಕೊಟ್ಟಿರಿ ಎಂದು ಕೇಳಲಿ. ಅಜ್ಜಿ ಕೆಲಸ ಮಾಡುತ್ತಿರುವಾಗಲೇ, ಫ್ಯಾನ್ ಆರಿಸಿ, ಹತ್ತಿರ ಕುಳಿತು ಚಿತ್ರಿಸಲಿ. ಅಪ್ಪ, ಚಿಕ್ಕಪ್ಪಂದಿರು ಸ್ವಲ್ಪ ಹೊತ್ತು ಹೊರಗೆ ಹೋಗಿಬರಲಿ.

ನಮಸ್ಕಾರ.