ಮೊದಲು ಸಿ ಡ್ರೈವ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ ಅಂತ ಭದ್ರಾವತಿ ಆಕಾಶವಾಣಿಯವರು ಕರೆದಿದ್ದಾರೆ. ನಾನು ಒಂದೇ ಮಾತು ಹೇಳುವವನು. ಕಂಪ್ಯೂಟರ್ ನಿಧಾನವಾಯಿತೇ? ಮೊದಲು ಸಿ ಡ್ರೈವ್ ನೋಡಿ, ಅಂದರೆ ಕಂಪ್ಯೂಟರನ್ನು ನಡೆಸುವ ವಿಂಡೋಸ್ ಕೂತಿರುವ ಸಂಗ್ರಹದ ಜಾಗ. ಹೊಸದು ಕೊಳ್ಳುವ ಮೊದಲು, ಫಾರ್ಮ್ಯಾಟ್ ಹೊಡೆಸುವ ಮೊದಲು, ಆಟ ಆಡಿ ಹಾಳು ಮಾಡಿದ ಅಂತ ಮಗನನ್ನು ಬೈಯುವ ಮೊದಲು.

ಶಿವಮೊಗ್ಗದಲ್ಲಿ ರಿಪೇರಿ ಅಂಗಡಿ ಇಟ್ಟು 19 ವರ್ಷವಾಯಿತು. ಬಂದವರೆಲ್ಲ "ಸಾರ್, ವೈರಸ್ ಹೊಕ್ಕಿದೆ" ಅಂತಲೇ ಶುರು ಮಾಡುತ್ತಾರೆ. ಸಿ ಡ್ರೈವ್ ನೋಡಿದಿರಾ ಅಂದರೆ ಇಲ್ಲ. ಮತ್ತೇನು ಮಾಡಿದಿರಿ? "ರಿಫ್ರೆಶ್ ಮಾಡಿ ಮಾಡಿ ಸಾಕಾಯ್ತು ಸಾರ್." ದಯವಿಟ್ಟು ಕೇಳಿ: ರಿಫ್ರೆಶ್ ಒತ್ತಿದರೆ ಪರದೆಯ ಮೇಲಿನ ಚಿತ್ರಗಳು ಒಮ್ಮೆ ಮಿನುಗುತ್ತವೆ, ಅಷ್ಟೇ. ಅದರಿಂದ ಯಾವ ಕಂಪ್ಯೂಟರೂ ಚುರುಕಾಗಿದ್ದಿಲ್ಲ.

ಮೂರು ವರ್ಷದ ಹಿಂದೆ, ಮೇ ತಿಂಗಳ ಕೊನೆ. ತೀರ್ಥಹಳ್ಳಿ ಕಡೆಯ ಸ್ಟುಡಿಯೋದವರೊಬ್ಬರು ಸಿಪಿಯು ತಂದರು. ಬಸ್ಸಿನಲ್ಲಿ, ತೊಡೆ ಮೇಲೆ ಇಟ್ಟುಕೊಂಡು, ಕಂಬಳಿ ಸುತ್ತಿ. ಮಂಡಗದ್ದೆ ದಾಟುವಾಗ ಮಳೆ ಹಿಡಿಯಿತಂತೆ. ತಮ್ಮ ತಲೆ ನೆನೆದರೂ ಸಿಪಿಯುಗೆ ಒಂದು ಹನಿ ತಾಗಗೊಡಲಿಲ್ಲ ಪುಣ್ಯಾತ್ಮರು. ಮದುವೆ ಸೀಸನ್ ಆಗಷ್ಟೇ ಮುಗಿದಿತ್ತು. ಹನ್ನೊಂದು ಮದುವೆಯ ವಿಡಿಯೋ ಬಾಕಿ, ಹೆಣ್ಣಿನ ಕಡೆಯವರು ದಿನಕ್ಕೆ ಎರಡು ಸಲ ಫೋನು. ಈ ಪುಣ್ಯಾತ್ಮರ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಯಾರೋ ಪರಿಚಯದವರು, "ಇದು ಹಳೇದಾಯ್ತು, ಒಂದು ಲಕ್ಷದ್ದು ಹಾಕಿ" ಅಂದುಬಿಟ್ಟಿದ್ದರು. ಸೊಸೈಟಿ ಸಾಲಕ್ಕೆ ಅರ್ಜಿ ಕೂಡ ಬರೆದಿಟ್ಟುಕೊಂಡೇ ಬಂದಿದ್ದರು.

ಸಿ ಡ್ರೈವ್ ತೆಗೆದೆ. ಕೆಂಪು ಪಟ್ಟಿ. 120 ಜಿಬಿಯಲ್ಲಿ ಒಂದು ಜಿಬಿಯೂ ಖಾಲಿ ಇಲ್ಲ. "ನಿಮ್ಮಲ್ಲಿ ಕ್ಯಾಶ್ ಜಾಸ್ತಿಯಾಗಿದೆ" ಅಂದೆ. ಅವರ ಮುಖ ಕಪ್ಪಿಟ್ಟಿತು. "ಎಲ್ಲಿಂದ ಬರ್ಬೇಕು ಸಾರ್, ಅಡ್ವಾನ್ಸ್ ಬಿಟ್ಟರೆ ಯಾರೂ ಕೊಟ್ಟಿಲ್ಲ!"

ದುಡ್ಡಿನ ಕ್ಯಾಶ್ ಅಲ್ಲ ಮಾರಾಯರೇ. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಏನು ಮಾಡುತ್ತೇವೆ? ಸೌದೆ ಇರುವುದು ಹಿತ್ತಲ ಕೊಟ್ಟಿಗೆಯಲ್ಲಿ. ಪ್ರತಿ ಸಲ ಮಳೆಯಲ್ಲಿ ಓಡಲಾಗದೆ ನಾಲ್ಕು ಕೊಳ್ಳಿ ತಂದು ಒಲೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇವೆ. ಕ್ಯಾಶ್ ಎಂದರೆ ಅದು. ಒಳ್ಳೆಯದೇ. ಆದರೆ ದಿನಾ ತಂದು ತಂದು ಪೇರಿಸಿ, ಉರಿಸುವುದೇ ಇಲ್ಲ ಅಂದರೆ? ಅಡುಗೆ ಮಾಡುವವರಿಗೆ ಕೂರಲು ಜಾಗವಿರುವುದಿಲ್ಲ.

ಅವರ ವಿಡಿಯೋ ತಂತ್ರಾಂಶ ಮಾಡಿದ್ದು ಅದನ್ನೇ. ಪ್ರತಿ ಮದುವೆಯ ವಿಡಿಯೋ ಒಳಗೆ ತೆಗೆದುಕೊಂಡಾಗಲೂ, ಮತ್ತೆ ಮತ್ತೆ ಲೆಕ್ಕ ಹಾಕುವುದು ಬೇಡವೆಂದು, ಅದರ ಧ್ವನಿಯ ಅಲೆಗಳನ್ನೆಲ್ಲ ಬೇರೆ ಕಡತಗಳಲ್ಲಿ ಬರೆದಿಡುತ್ತದೆ. ಎಲ್ಲಿ? ನಾವು ಹೇಳದೇ ಇದ್ದರೆ ಸಿ ಡ್ರೈವ್‌ನಲ್ಲೇ, ಅದೂ ಕಣ್ಣಿಗೆ ಕಾಣದ ಫೋಲ್ಡರ್ ಒಂದರೊಳಗೆ. ಅವರು ಪೆನ್‌ಡ್ರೈವ್ ಕೊಟ್ಟು, ಮೂಲ ವಿಡಿಯೋ ಅಳಿಸಿ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ಇತ್ತ ಮದುವೆಯಾದ ದಂಪತಿಗೆ ಮಗುವಾಗಿ, ನಾಮಕರಣಕ್ಕೂ ಇವರನ್ನೇ ಕರೆದು, ಅದರ ವಿಡಿಯೋ ಕೂಡ ಕೊಟ್ಟಾಗಿತ್ತು. ಆ ಮದುವೆಯ ವಾಲಗ ಮಾತ್ರ ಇನ್ನೂ ಸಿ ಡ್ರೈವ್‌ನಲ್ಲಿ ಕೂತಿತ್ತು. ನಾಲ್ಕು ವರ್ಷದ ವಾಲಗ, 61 ಜಿಬಿ.

ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲೇ 'ಮೀಡಿಯಾ ಕ್ಯಾಶ್' ಅಂತ ಒಂದು ಪುಟವಿತ್ತು. ಡಿಲೀಟ್ ಒತ್ತಿದೆ. ಮುಂದಿನದೆಲ್ಲ ಡಿ ಡ್ರೈವ್‌ಗೆ ಹೋಗಲಿ, 30 ದಿನ ಕಳೆದದ್ದು ತಾನೇ ಅಳಿಯಲಿ ಅಂತ ಬದಲಿಸಿದೆ. ಹದಿನೈದು ನಿಮಿಷದ ಕೆಲಸ. ಇನ್ನೂರು ರೂಪಾಯಿ ತೆಗೆದುಕೊಂಡೆ. ಸಾಲದ ಅರ್ಜಿ ನನ್ನ ಮೇಜಿನ ಮೇಲೇ ಬಿಟ್ಟುಹೋದರು.

ಸಿ ಡ್ರೈವ್ ತುಂಬಿದರೆ ಇಡೀ ಯಂತ್ರವೇ ಯಾಕೆ ಕುಸಿಯಬೇಕು ಅಂತ ಕೇಳಬಹುದು. ವಿಂಡೋಸ್ ತನ್ನ ಕೆಲಸದ ನೆನಪು, ಅಂದರೆ ರ್‍ಯಾಮ್, ಸಾಲದೇ ಬಂದಾಗ ಉಳಿದದ್ದನ್ನು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ಇಳಿಸಿಕೊಳ್ಳುತ್ತದೆ. ಅಲ್ಲೂ ಜಾಗವಿಲ್ಲದಿದ್ದರೆ ತಡವರಿಸುತ್ತದೆ. ನೀವು ಮೌಸ್ ಕುಟ್ಟುತ್ತೀರಿ. ಮೌಸ್ ಏನು ಮಾಡೀತು?

ಸ್ಟುಡಿಯೋ ಕಥೆ ಶುರುಮಾಡಿದರೆ ನನಗೆ ಸಮಯದ ಪರಿವೆ ಇರುವುದಿಲ್ಲ. ಉಳಿದದ್ದು ಬೇಗ ಹೇಳುತ್ತೇನೆ, ಪೆನ್ನು ಹಿಡಿದುಕೊಳ್ಳಿ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು 'ಇ' ಒಟ್ಟಿಗೆ ಒತ್ತಿ, 'ದಿಸ್ ಪಿಸಿ'ಗೆ ಹೋಗಿ. ಸಿ ಡ್ರೈವ್‌ನ ಪಟ್ಟಿ ನೀಲಿಯೋ ಕೆಂಪೋ ನೋಡಿ. ನೂರರಲ್ಲಿ ಹತ್ತು ಪಾಲೂ ಖಾಲಿ ಇಲ್ಲದಿದ್ದಾಗ ಅದು ಕೆಂಪಾಗುತ್ತದೆ. ಕೆಂಪಿದ್ದರೆ, ವಿಂಡೋಸ್ ಕೀ ಜೊತೆ 'ಆರ್' ಒತ್ತಿ. ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಪರ್ಸೆಂಟ್ ಗುರುತು, ಟಿ-ಇ-ಎಂ-ಪಿ, ಮತ್ತೆ ಪರ್ಸೆಂಟ್ ಗುರುತು, ನಡುವೆ ಜಾಗ ಬಿಡದೆ. ಎಂಟರ್. ತೆರೆದುಕೊಂಡದ್ದೆಲ್ಲ ತಾತ್ಕಾಲಿಕ ಕಡತಗಳು. ಎಲ್ಲವನ್ನೂ ಆರಿಸಿ ಅಳಿಸಿ. ಕೆಲವು ಅಳಿಯುವುದಿಲ್ಲ ಅನ್ನುತ್ತವೆ, 'ಸ್ಕಿಪ್' ಒತ್ತಿ ಮುಂದೆ ಹೋಗಿ. ಬ್ರೌಸರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರೂ ಒಟ್ಟಿಗೆ. ಕ್ಯಾಶ್ ಅನ್ನುವುದಕ್ಕೆ ಮಾತ್ರ ಟಿಕ್ ಇರಲಿ. ಪಾಸ್‌ವರ್ಡ್ ಅಂತ ಇರುವುದಕ್ಕೆ ಟಿಕ್ ಹಾಕಿ ಆಮೇಲೆ ನನಗೆ ಫೋನ್ ಮಾಡಬೇಡಿ.

ಮೊಬೈಲಿನ ಬಗ್ಗೆಯೂ ಬರೆದುಕೊಂಡು ಬಂದಿದ್ದೆ, ಆಗಲಿಲ್ಲ. ಅಲ್ಲೂ ಸ್ಟೋರೇಜ್ ನೋಡಿ, ಅಷ್ಟೇ.

ಇಷ್ಟು ಮಾಡಿ, ಸಿ ಡ್ರೈವ್ ನೀಲಿಗೆ ತಿರುಗಿದ ಮೇಲೂ ನಿಧಾನವಿದ್ದರೆ ರಿಪೇರಿ ಅಂಗಡಿಗೆ ಹೋಗಿ. ಹೋಗುವಾಗ ಸಿಪಿಯು ಒಂದು ಸಾಕು. ಈ ಮಳೆಯಲ್ಲಿ ಮಾನಿಟರ್, ಕೀಬೋರ್ಡು, ಸ್ಪೀಕರ್ ಎಲ್ಲ ಹೊತ್ತುಕೊಂಡು ಬಸ್ ಹತ್ತಬೇಡಿ. ನಮಸ್ಕಾರ.