ಒಂದು ಎರರ್, ಒಂದು ಹಿಟ್, ಒಂದು ರನ್

ಕೇಳುಗರಿಗೆ ನಮಸ್ಕಾರ.

ಕ್ರಿಕೆಟ್ ಸ್ಕೋರ್‌ಕಾರ್ಡ್ ಓದುವ ರೂಢಿ ನಮ್ಮಲ್ಲಿ ಬಹಳ ಜನಕ್ಕಿದೆ. ಪಂದ್ಯ ನೋಡದಿದ್ದರೂ ಅದನ್ನು ಓದಿದರೆ ಆಟ ಕಣ್ಣಿಗೆ ಕಟ್ಟುತ್ತದೆ. ಆದರೆ ಸ್ಲಿಪ್‌ನಲ್ಲಿ ಕೈಚೆಲ್ಲಿದ ಕ್ಯಾಚಿಗೆ ಅಲ್ಲಿ ಜಾಗವಿಲ್ಲ. ಅಮೆರಿಕದ ಬೇಸ್‌ಬಾಲ್ ಪಂದ್ಯದ ಲೆಕ್ಕಪಟ್ಟಿ, ಅಂದರೆ ಬಾಕ್ಸ್ ಸ್ಕೋರ್, ಹಾಗಲ್ಲ. ನಾಲ್ಕು ಮೂಲೆಯ ಬೇಸ್‌ಗಳನ್ನು ಸುತ್ತಿ ಬಂದರೆ ರನ್, ಚೆಂಡು ಬಾರಿಸಿ ಬೇಸ್ ಸೇರಿದರೆ ಹಿಟ್. ಇವೆರಡಾದಮೇಲೆ ಮೂರನೆಯ ಕಾಲಂ ಇರುವುದೇ ಎರರ್‌ಗೆ, ಅಂದರೆ ಫೀಲ್ಡರ್ ಮಾಡಿದ ತಪ್ಪಿಗೆ. ಕೆಳಗೆ ತಪ್ಪು ಮಾಡಿದವರ ಹೆಸರೂ ಇರುತ್ತದೆ. ಇದಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯರಾದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರು.

ನಾನು ಮತ್ತೆ ಮತ್ತೆ ಓದುವ ಬಾಕ್ಸ್ ಸ್ಕೋರ್ ಒಂದಿದೆ. 1959ರ ಮೇ 26, ಮಿಲ್ವಾಕಿಯ ಕೌಂಟಿ ಸ್ಟೇಡಿಯಂ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೂ ಮಿಲ್ವಾಕಿ ಬ್ರೇವ್ಸ್ ತಂಡಕ್ಕೂ ಪಂದ್ಯ. ಪಿಟ್ಸ್‌ಬರ್ಗ್ ಸಾಲಿನಲ್ಲಿ ಇನ್ನಿಂಗ್ಸ್‌ಗೊಂದರಂತೆ ಹದಿಮೂರು ಸೊನ್ನೆ. ಕೊನೆಗೆ ರನ್ 0, ಹಿಟ್ 12, ಎರರ್ 1. ಮಿಲ್ವಾಕಿ ಸಾಲಿನಲ್ಲಿ ಹನ್ನೆರಡು ಸೊನ್ನೆ, ಆಮೇಲೆ ಒಂದು. ರನ್ 1, ಹಿಟ್ 1, ಎರರ್ 0. ಹನ್ನೆರಡು ಹಿಟ್ ಬಾರಿಸಿದ ತಂಡ ಸೋತಿತು, ಒಂದೇ ಒಂದು ಬಾರಿಸಿದ ತಂಡ ಗೆದ್ದಿತು.

ಪಿಟ್ಸ್‌ಬರ್ಗ್‌ನ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಹಾರ್ವಿ ಹ್ಯಾಡಿಕ್ಸ್, ಎಡಗೈಯವರು. ಅಂದು ಫ್ಲೂ ಜ್ವರದಲ್ಲೇ ಮೈದಾನಕ್ಕೆ ಇಳಿದಿದ್ದರು. ಒಂಬತ್ತು ಇನ್ನಿಂಗ್ಸ್‌ನಲ್ಲಿ ಎದುರಿಗೆ ಬಂದ 27 ಬ್ಯಾಟರ್‌ಗಳಲ್ಲಿ ಒಬ್ಬರನ್ನೂ ಮೊದಲ ಬೇಸ್ ಮುಟ್ಟಲು ಬಿಡಲಿಲ್ಲ. ಮಾಮೂಲು ಪಂದ್ಯ ಒಂಬತ್ತಕ್ಕೇ ಮುಗಿಯುತ್ತದೆ. ಆದರೆ ಅವರ ತಂಡವೂ ರನ್ ಮಾಡಿರಲಿಲ್ಲ, ಆಟ ಮುಂದುವರಿಯಿತು. ಹನ್ನೆರಡನೆಯ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ 36 ಮಂದಿ ಬಂದರು, 36 ಮಂದಿಯೂ ಔಟ್.

ಹದಿಮೂರನೆಯದರಲ್ಲಿ ಮೊದಲು ಬಂದವರು ಫೆಲಿಕ್ಸ್ ಮಂಟಿಯಾ. ಚೆಂಡು ನೆಲಕ್ಕೆ ಉರುಳಿ ಮೂರನೆಯ ಬೇಸ್‌ನ ಡಾನ್ ಹೋಕ್ ಕೈಗೆ ಬಂತು. ಬೇಸ್‌ಬಾಲ್‌ನಲ್ಲಿ ಪ್ರತಿ ಸ್ಥಾನಕ್ಕೂ ಒಂದು ಸಂಖ್ಯೆ: ಪಿಚರ್ 1, ಮೊದಲ ಬೇಸ್ 3, ಮೂರನೆಯ ಬೇಸ್ 5. ಹೋಕ್ ಎಸೆತ ನೆಟ್ಟಗೆ ಹೋಗಿದ್ದರೆ ಸ್ಕೋರರ್ '5-3' ಎಂದು ಗೀಚಿ ಮುಂದಕ್ಕೆ ಹೋಗುತ್ತಿದ್ದರು. ಎಸೆತ ಕೆಳಗಾಯಿತು. ಬರೆದದ್ದು 'ಇ-5', ಅಂದರೆ ಮೂರನೆಯ ಬೇಸ್‌ನವರ ಎರರ್.

ಎಡ್ಡಿ ಮ್ಯಾಥ್ಯೂಸ್ ತಾನು ಔಟಾಗಿ ಮಂಟಿಯಾರನ್ನು ಎರಡನೆಯ ಬೇಸ್‌ಗೆ ದಾಟಿಸಿದರು. ಹ್ಯಾಂಕ್ ಆರನ್‌ಗೆ ಬೇಕೆಂದೇ ವಾಕ್ ಕೊಟ್ಟರು, ಅಂದರೆ ಹೊಡೆಯಲು ಬಿಡದೆ ಸುಮ್ಮನೆ ಮೊದಲ ಬೇಸ್‌ಗೆ ಕಳಿಸಿದರು. ಆಮೇಲೆ ಜೋ ಆಡ್‌ಕಾಕ್ ಹೊಡೆದ ಚೆಂಡು ಬೇಲಿ ದಾಟಿತು. ಅದು ಹೋಮ್ ರನ್, ಮೂರು ರನ್ ಬರಬೇಕು. ಆದರೆ ಚೆಂಡು ಬೇಲಿ ದಾಟಿದ್ದು ಗೊತ್ತಾಗದೆ ಆರನ್ ಅರ್ಧದಲ್ಲೇ ಓಟ ಬಿಟ್ಟರು, ಹಿಂದಿನಿಂದ ಓಡಿಬಂದ ಆಡ್‌ಕಾಕ್ ಅವರನ್ನು ದಾಟಿಬಿಟ್ಟರು. ನಿಯಮದ ಪ್ರಕಾರ ಆಡ್‌ಕಾಕ್ ಔಟ್. ಕೊನೆಗೆ ಲೀಗ್‌ನ ಅಧ್ಯಕ್ಷ ವಾರನ್ ಗೈಲ್ಸ್ ತೀರ್ಪು ಕೊಟ್ಟರು: 1-0. ಬೇಲಿ ದಾಟಿದ ಹೊಡೆತ ದಾಖಲೆಯಲ್ಲಿ ಬರೀ ಎರಡು ಬೇಸ್‌ನ ಹಿಟ್.

ಹ್ಯಾಡಿಕ್ಸ್ ಹೆಸರಿನ ಸಾಲು ನೋಡಿ. ಹಿಟ್ 1, ವಾಕ್ 1, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) 8, ರನ್ 1, ಅರ್ನ್ಡ್ ರನ್ 0. ಈ ಕೊನೆಯ ಸೊನ್ನೆ ನನಗೆ ಬಹಳ ಇಷ್ಟ. ಫೀಲ್ಡರ್ ತಪ್ಪಿನಿಂದ ಬೇಸ್ ಸೇರಿದವನು ಮಾಡಿದ ರನ್ನನ್ನು ಪಿಚರ್ ತಲೆಗೆ ಕಟ್ಟುವುದಿಲ್ಲ ಎನ್ನುವ ಲೆಕ್ಕ ಅದು. ಸೋಲು ಮಾತ್ರ ಅವರ ಹೆಸರಿಗೇ. ಎದುರಿನ ಲೂ ಬರ್ಡೆಟ್ 12 ಹಿಟ್ ಕೊಟ್ಟೂ ಒಂದು ರನ್ ಬಿಡದೆ ಹದಿಮೂರು ಇನ್ನಿಂಗ್ಸ್ ಎಸೆದರು. ಆ ಗಟ್ಟಿತನವೂ ಅಲ್ಲೇ ದಾಖಲಾಗಿದೆ.

1991ರಲ್ಲಿ ನೋ-ಹಿಟರ್ ಎಂದರೇನು ಎಂಬ ವ್ಯಾಖ್ಯೆ ಬಿಗಿಯಾಯಿತು: ಪಂದ್ಯ ಮುಗಿಯುವವರೆಗೂ ಒಂದೂ ಹಿಟ್ ಕೊಟ್ಟಿರಬಾರದು. ಹ್ಯಾಡಿಕ್ಸ್ ಹೆಸರು ಆ ಪಟ್ಟಿಯಿಂದ ಹೊರಬಿತ್ತು. ನಿಯಮದಲ್ಲಿ ತರ್ಕವಿದೆ, ಒಪ್ಪುತ್ತೇನೆ. ಆದರೂ ಪಟ್ಟಿಯನ್ನು ನೆಚ್ಚಿಕೊಂಡು ಆ ರಾತ್ರಿಯನ್ನು ಅಳೆಯಲು ನನಗೆ ಮನಸ್ಸು ಬರುವುದಿಲ್ಲ. ಬಾಕ್ಸ್ ಸ್ಕೋರ್ ಈಗಲೂ ಸಿಗುತ್ತದೆ. ಸಿಕ್ಕಾಗ 'ಎರರ್: ಹೋಕ್' ಎಂಬಲ್ಲಿಂದ ಓದಲು ಶುರುಮಾಡಿ. ನಮಸ್ಕಾರ.