ರಥಬೀದಿಗೆ ಒಂದು ಸುತ್ತು

ಕೇಳುಗರಿಗೆ ನಮಸ್ಕಾರ. ಉಡುಪಿಗೆ ಹೋಗಿದ್ದೀರಾ ಎಂದು ಕೇಳಿದರೆ ನಿಮ್ಮಲ್ಲಿ ಮುಕ್ಕಾಲು ಮಂದಿ ಹೌದು ಅನ್ನುತ್ತೀರಿ. ಏನು ನೋಡಿದಿರಿ? ಕ್ಯೂ, ಕಿಂಡಿ, ಊಟ, ಆಮೇಲೆ ಮಲ್ಪೆ ಬೀಚು. ಅಲ್ವಾ? ಇವತ್ತು ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಕ್ಯೂ ಹಿಡಿಯುವ ಮೊದಲು ಕೃಷ್ಣ ಮಠದ ಎದುರಿನ ರಥಬೀದಿಗೆ ಒಂದು ಪೂರ್ತಿ ಸುತ್ತು ಹಾಕಿ. ನಡೆದೇ ಹಾಕಿ.

ದೊಡ್ಡ ದೂರವೇನಲ್ಲ. ನಡುವೆ ಚಂದ್ರಮೌಳೇಶ್ವರ, ಅನಂತೇಶ್ವರ. ಎರಡೂ ಕೃಷ್ಣ ಮಠಕ್ಕಿಂತ ಹಳೆಯ ದೇವಸ್ಥಾನಗಳು. ಉಡುಪ ಅಂದರೆ ಚಂದ್ರ. ಊರಿನ ಹೆಸರು ಅಲ್ಲಿಂದಲೇ ಬಂತು ಅನ್ನುತ್ತಾರೆ. ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠೆ ಮಾಡಿದ್ದು 13ನೇ ಶತಮಾನದಲ್ಲಿ. ಹಳಬರ ಕ್ರಮದಲ್ಲಿ ಮೊದಲು ಚಂದ್ರಮೌಳೇಶ್ವರ, ಮತ್ತೆ ಅನಂತೇಶ್ವರ, ಕೊನೆಗೆ ಕೃಷ್ಣ. ನಾವೋ, ಬಸ್ಸಿಳಿದು ಸೀದಾ ಕೊನೆಯದಕ್ಕೇ ಓಡುತ್ತೇವೆ.

ಒಂದು ಘಟನೆ ಹೇಳುತ್ತೇನೆ. ನನ್ನ ಗೆಳೆಯನೊಬ್ಬ ಧಾರವಾಡದಿಂದ ತಾಯಿಯನ್ನು ಕರೆದುಕೊಂಡು ಟೂರಿಸ್ಟ್ ಬಸ್ಸಿನಲ್ಲಿ ಬಂದಿದ್ದ. ಬಸ್ಸಿನವರು ಕೊಟ್ಟದ್ದು ಒಂದೂವರೆ ಗಂಟೆ. ಅಮ್ಮನಿಗೆ ಮಂಡಿನೋವು. ಒಂದು ಮಠದ ಜಗಲಿಯಲ್ಲಿ ಕೂರಿಸಿ ತಾನು ಕ್ಯೂಗೆ ಹೋದ. ವಾಪಸು ಬಂದರೆ ಅಮ್ಮ ಇಲ್ಲ! ನನಗೆ ಫೋನು ಮಾಡಿದ, ನಾನೂ ಓಡಿದೆ. ನೋಡಿದರೆ ಅವರು ಹೂವಿನವಳ ಪಕ್ಕ ಆರಾಮವಾಗಿ ಕೂತಿದ್ದಾರೆ. ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆಯ ಚೆಂಡು ಮಡಿಲಲ್ಲಿದೆ. "ಒಂದು ಚೆಂಡಿಗೆ ಎಂಟುನೂರು ಹೂವಂತ, ನಾಲ್ಕು ಚೆಂಡಿಗೆ ಒಂದು ಅಟ್ಟೆಯಂತ. ನಿನಗ ಗೊತ್ತಿತ್ತೇನು?" ಎಂದು ಮಗನನ್ನೇ ಕೇಳಿದರು. ಬೇಸರ ಬಂದು ನಿಧಾನಕ್ಕೆ ಬೀದಿಗೊಂದು ಸುತ್ತು ಹಾಕಿದ್ದರು. ಕೃಷ್ಣನ ಪೂಜೆ ಮಾಡುವ ಎಂಟು ಮಠಗಳೂ ಇದೇ ಬೀದಿಯಲ್ಲಿವೆ. ಬೋರ್ಡು ಓದುತ್ತಾ ಅವನ್ನು ಎಣಿಸಿದ್ದರು. "ಎಂಟು ಇರಬೇಕಲ್ಲೋ, ಏಳs ಸಿಕ್ಕಾವ." ಸರಿ, ಎಂಟನೆಯದು ಸಿಗದೆ ಅವರು ಏಳುವವರಲ್ಲ. ನಾವು ಮೂವರೂ ಮತ್ತೆ ಸುತ್ತಿದೆವು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಸಿಕ್ಕಿತು. ಬಸ್ಸು ಹೋಗಿತ್ತು.

ಗೆಳೆಯನಿಗೆ ಸಿಟ್ಟು. ಅಮ್ಮನಿಗೆ ಖುಷಿ. ಬಸ್ಸು ತಪ್ಪಿದ್ದಕ್ಕೆ ಸಂಜೆ ರಥ ಎಳೆಯುವುದನ್ನೂ ನೋಡಿದರು, ಮಂಡಿನೋವಿನ ಸುದ್ದಿಯೇ ಇಲ್ಲ.

ಅಯ್ಯೋ, ಸಮಯ ಇದಕ್ಕೇ ಹೋಯಿತು. ಪರ್ಯಾಯದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಈ ಎಂಟು ಮಠಗಳು ಸರದಿಯ ಮೇಲೆ ಕೃಷ್ಣನ ಪೂಜೆ ಮಾಡುತ್ತವೆ. ಮೊದಲು ಎರಡೆರಡು ತಿಂಗಳಿತ್ತು. ಸೋದೆ ಮಠದ ಸ್ವಾಮಿಗಳಾಗಿದ್ದ ವಾದಿರಾಜರು ಎರಡೆರಡು ವರ್ಷ ಮಾಡಿದರು. ಜನವರಿ 18ರ ಬೆಳಗಿನ ಜಾವ ಅಧಿಕಾರ ಬದಲು. ಒಂದು ಮಠಕ್ಕೆ ಮತ್ತೆ ಸರದಿ ಬರಲು 16 ವರ್ಷ. ಮಧ್ವ ಸರೋವರದ ಹತ್ತಿರ ರಥದ ಆಕಾರದಲ್ಲಿ ಪೇರಿಸಿಟ್ಟ ಸೌದೆ ಕಂಡರೆ ನಿಂತು ನೋಡಿ. ಅದು ಅಲಂಕಾರಕ್ಕಲ್ಲ, ನೀವು ಊಟ ಮಾಡುವ ಅಡುಗೆಮನೆಗೆ. ಸುಮ್ನೆ ಸೆಲ್ಫಿ ತೆಗೆದು ಓಡಬೇಡಿ.

ಕನಕನ ಕಿಂಡಿಯ ಕಥೆ ನಿಮಗೆ ಗೊತ್ತೇ ಇದೆ, ಬಿಡುತ್ತೇನೆ. ಬೆಳಿಗ್ಗೆ ಬೇಗ ಹೋಗಿ. ಬಿಸಿಲೇರಿದರೆ ಬರಿಗಾಲಿಗೆ ನೆಲ ಜಾಸ್ತಿ ಸುಡುತ್ತದೆ. ಕ್ಯೂ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಸುತ್ತು. ಎಂಟೂ ಎಣಿಸಿ. ನಮಸ್ಕಾರ.